ಅಪ್ಪನ ಗುರುವಾರದ ಭಜನೆ

ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯನ್ನು ನೆನೆದಾಗ ಮೊದಲು ಬರುವುದು ಬೂಟ್ ಪಾಲಿಶಿನ ವಾಸನೆ, ಆಮೇಲೆ ಕಾದ ಎಣ್ಣೆಯದು. ಪ್ರತಿ ತಿಂಗಳ ಮೂರನೆಯ ಗುರುವಾರ ಸಂಜೆ ಇವೆರಡೂ ಸೇರಿ ಮನೆಯನ್ನು ತುಂಬುತ್ತಿದ್ದವು. ಅಪ್ಪ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಹಳೆಯ ಪೇಪರು ಹಾಸಿಕೊಂಡು ಕಪ್ಪು ಬೂಟು ಉಜ್ಜುತ್ತ ಕೂತಿರುತ್ತಿದ್ದರು. ಅಮ್ಮ ಒಳಗೆ ಕೋಡುಬಳೆ ಕರಿಯುತ್ತಿದ್ದಳು. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಒಂದು ಜೊತೆ ಬಿಳಿ ಕೈಗವಸು ಕ್ಲಿಪ್ಪಿಗೆ ನೇತುಬಿದ್ದು, ಗಾಳಿ ಬಂದಾಗ ಯಾರನ್ನೋ ಕರೆಯುವ ಹಾಗೆ ಆಡುತ್ತಿತ್ತು. ಆರೂವರೆಗೆ ಸರಿಯಾಗಿ ಅಪ್ಪ ಕಪ್ಪು ಸೂಟು ಹಾಕಿಕೊಂಡು, ಬೀರುವಿನ ಮೇಲಿಂದ ಚಪ್ಪಟೆಯಾದ ಕಪ್ಪು ಪೆಟ್ಟಿಗೆಯೊಂದನ್ನು ಇಳಿಸಿ, ಕೋಡುಬಳೆಯ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, "ಲಾಡ್ಜ್‌ಗೆ ಹೋಗಿಬರ್ತೀನಿ" ಅನ್ನುತ್ತಿದ್ದರು. ಆ ಪೆಟ್ಟಿಗೆಯನ್ನು ನಾನು ಮುಟ್ಟುವ ಹಾಗಿರಲಿಲ್ಲ. ಅಮ್ಮ ಮುಟ್ಟಬಹುದಿತ್ತು, ಆದರೆ ತೆರೆಯುವ ಹಾಗಿರಲಿಲ್ಲ.

ನನಗೆ ಆಗ ಏಳು ವರ್ಷವೋ ಎಂಟೋ. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರ್. ನನಗೆ ನಾಲ್ಕು ವರ್ಷವಾಗಿದ್ದಾಗ ನಮ್ಮನ್ನು ಮೈಸೂರಿನಿಂದ ಸಿಡ್ನಿಯ ಈ ಅಂಚಿಗೆ ಕರೆತಂದಿದ್ದರು. ಈಗ ಸಾಲುಸಾಲಾಗಿ ಇಟ್ಟಿಗೆ ಮನೆಗಳಿರುವ ಕಡೆ ಆಗ ಕೋಳಿ ಫಾರ್ಮುಗಳೂ ಕುದುರೆ ಮೇಯುವ ಬಯಲೂ ಇದ್ದವು. ನಮ್ಮದು ಫೈಬ್ರೊ ಎಂಬ ಸಿಮೆಂಟು ಹಲಗೆಯ ಗೋಡೆಗಳ ಮನೆ. ಒಂದು ರೂಮಿನಲ್ಲಿ ಸೀನಿದರೆ ಇನ್ನೊಂದರಲ್ಲಿದ್ದವರು "ಚಿರಂಜೀವಿ" ಅನ್ನಬಹುದಾದಷ್ಟು ತೆಳ್ಳಗಿನ ಗೋಡೆ. ದೇವರಿಗೆ ಬೇರೆ ಕೋಣೆ ಇರಲಿಲ್ಲ. ಹಜಾರದಲ್ಲಿ ಟವೆಲ್, ಬೆಡ್‌ಶೀಟ್ ಇಡುವುದಕ್ಕೆಂದು ಮಾಡಿದ ಗೋಡೆ ಬೀರುವಿನ ಎರಡು ಹಲಗೆ ತೆಗೆಸಿ ಅಮ್ಮ ಅಲ್ಲಿ ದೇವರನ್ನು ಕೂರಿಸಿದ್ದಳು. ಹಾಗಾಗಿ ನಮ್ಮ ಮನೆಯ ಟವೆಲ್ಲುಗಳೆಲ್ಲ ಕರ್ಪೂರದ ವಾಸನೆ ಹೊಡೆಯುತ್ತಿದ್ದವು. ಸ್ಕೂಲಿನ ಈಜುಕೊಳದಲ್ಲಿ ನಾನು ಮೈ ಒರೆಸಿಕೊಂಡಾಗ ಪಕ್ಕದ ಹುಡುಗರು ಮೂಗು ಏರಿಸಿ ನೋಡುತ್ತಿದ್ದರು. ಬಾಗಿಲ ಒಳಗೆ ಕನ್ನಡ, ಹೊರಗೆ ಇಂಗ್ಲಿಷ್ ಎನ್ನುವುದು ಅಪ್ಪನ ಕಟ್ಟಳೆ. ಈ ಪುಟಗಳನ್ನು ಕನ್ನಡದಲ್ಲಿ ಬರೆಯಲು ನನಗೆ ಸಾಧ್ಯವಾಗಿದ್ದರೆ ಅದು ಆ ಬಾಗಿಲಿನಿಂದ.

ಬಾಗಿಲು ಅಂದಾಗ ಇನ್ನೊಂದು. ಅಪ್ಪನ ಜೇಬಿನಲ್ಲಿ ಬೀಗದ ಕೈ ಇರುತ್ತಿತ್ತು, ಆದರೂ ಅವರು ಯಾವತ್ತೂ ತಟ್ಟಿಯೇ ಒಳಗೆ ಬರುತ್ತಿದ್ದರು. ಎರಡು ಸಲ ಬೇಗ, ಸ್ವಲ್ಪ ತಡೆದು ಒಂದು ಸಲ. ಟಕ್ ಟಕ್... ಟಕ್. ಅಮ್ಮ ಎಲ್ಲಿದ್ದರೂ ಅಲ್ಲಿಂದಲೇ "ಬಂದ್ರಾ?" ಅನ್ನುತ್ತಿದ್ದಳು. ಅಪ್ಪ ಹೊರಗಿನಿಂದ "ಬಂದೆ" ಅನ್ನುತ್ತಿದ್ದರು. ಆಮೇಲೆ ಬೀಗ ತಿರುಗುತ್ತಿತ್ತು.

ಲಾಡ್ಜ್ ಎಂಬ ಆ ಸೋದರರ ಸಂಘಕ್ಕೆ ಅಪ್ಪ ಸೇರಿದ್ದು ಪಕ್ಕದ ಮನೆಯ ಕೆನ್ ಅಂಕಲ್ ಮೂಲಕ. ಕೆನ್ ಅಂಕಲ್ ಅಪ್ಪನ ಹಾಗೆಯೇ ರೈಲ್ವೆಯವರು, ಗಾರ್ಡ್. ಮನೆಯ ಹಿಂದೆ ಕೋಳಿ ಸಾಕಿದ್ದರು. ವಾರಕ್ಕೊಮ್ಮೆ ಬೇಲಿಯ ಮೇಲಿಂದ ಆರು ಮೊಟ್ಟೆ ಕೊಡುತ್ತಿದ್ದರು. ಅಮ್ಮ ನಗುನಗುತ್ತ ತೆಗೆದುಕೊಂಡು, ಅವರು ಒಳಗೆ ಹೋದ ಮೇಲೆ ಕರಿಬೇವಿನ ಗಿಡದ ಬುಡಕ್ಕೆ ಒಡೆದು ಹಾಕುತ್ತಿದ್ದಳು. ಇಡೀ ಬೀದಿಯಲ್ಲಿ ಅಷ್ಟು ಹುಲುಸಾದ ಗಿಡ ಇನ್ನೊಂದಿರಲಿಲ್ಲ. ಕೆನ್ ಅಂಕಲ್ ಕೋಟಿನ ಕಾಲರಿಗೆ ಜೇನುಗೂಡಿನ ಆಕಾರದ ಸಣ್ಣ ಪಿನ್ನು ಇತ್ತು. ಅದೇನೆಂದು ಅಪ್ಪ ಒಂದು ದಿನ ಕೇಳಿದರಂತೆ. ಆ ಲಾಡ್ಜಿನಲ್ಲಿ ಯಾರನ್ನೂ ತಾವಾಗಿ ಕರೆಯುವಂತಿಲ್ಲ, ಬರಬೇಕೆನ್ನುವವನೇ ಕೇಳಬೇಕು. ಅಪ್ಪ ಕೇಳಲಿ ಎಂದು ಕೆನ್ ಅಂಕಲ್ ಎರಡು ವರ್ಷ ಆ ಪಿನ್ನು ಹಾಕಿಕೊಂಡು ಬೇಲಿ ಪಕ್ಕ ನಿಂತಿದ್ದರೆಂದು ಅಪ್ಪ ನಗುತ್ತಿದ್ದರು. ಸ್ಟೇಷನ್ನಿನ ಹತ್ತಿರದ ಲಾಡ್ಜ್ ಹಾಲನ್ನು ಹಿಂದೆ ರೈಲ್ವೆಯವರೂ ಹಣ್ಣಿನ ತೋಟದವರೂ ಭಾನುವಾರಗಳಲ್ಲಿ ತಾವೇ ಇಟ್ಟಿಗೆ ಹೊತ್ತು ಕಟ್ಟಿದ್ದರಂತೆ. ಯಾರಾದರೂ ಕಾಯಿಲೆ ಬಿದ್ದರೆ ಉಳಿದವರು ಹೋಗಿ ಸೌದೆ ಒಡೆದುಕೊಡಬೇಕು, ಸತ್ತವನ ಹೆಂಡತಿಯನ್ನು ತಿಂಗಳಿಗೊಮ್ಮೆ ಹೋಗಿ ಮಾತನಾಡಿಸಬೇಕು. ಇಷ್ಟು ಎಲ್ಲರಿಗೂ ಗೊತ್ತಿತ್ತು. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತಿತ್ತು ಎನ್ನುವುದು ಗುಟ್ಟು. ಅಪ್ಪನ ಸೀತಾಪತಿ ಎಂಬ ಹೆಸರು ಅಲ್ಲಿನವರ ನಾಲಿಗೆಗೆ ಹೊರಳದೆ, ಕೊನೆಯ ತುಂಡನ್ನು ಮಾತ್ರ ಉಳಿಸಿಕೊಂಡು ಅವರನ್ನು "ಪ್ಯಾಟ್" ಮಾಡಿದ್ದರು.

ಅಂಥ ಒಂದು ಗುರುವಾರ ಮೈಸೂರಿನಿಂದ ಬಂದ ಅಜ್ಜಿ, ಅಂದರೆ ಅಪ್ಪನ ಅಮ್ಮ, ನಮ್ಮ ಮನೆಯಲ್ಲಿದ್ದಳು. ಆರು ತಿಂಗಳಿಗೆಂದು ಬಂದವಳು. ಮಧ್ಯಾಹ್ನ ಮಲಗಿದ್ದವಳು ಸಂಜೆ ಎದ್ದು ಬರುವಷ್ಟರಲ್ಲಿ ಅಪ್ಪ ಹೊರಟುಹೋಗಿದ್ದರು. ಹಜಾರದಲ್ಲಿ ಸೆಂಟಿನ ವಾಸನೆ ಇನ್ನೂ ನಿಂತಿತ್ತು. ಮುಂದಿನ ಮಾತುಕತೆ ನನಗೆ ಅಕ್ಷರಶಃ ನೆನಪಿದೆ ಎಂದು ನಲವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ.

"ನಿಮ್ಮಪ್ಪ ಎಲ್ಲೋ ಮಗು?"

"ಲಾಡ್ಜ್‌ಗೆ ಹೋದ್ರು."

"ಲಾಡ್ಜ್‌ಗಾ? ಯಾರಾದ್ರೂ ಊರಿಂದ ಬಂದಿದಾರಾ?"

"ಇಲ್ಲ. ತಿಂಗಳಿಗೊಂದ್ಸಲ ಹೋಗ್ತಾರೆ."

"ಮನೆ ಇಟ್ಕೊಂಡು ಲಾಡ್ಜ್‌ನಲ್ಲಿ ಏನ್ ಕೆಲಸ?"

"ಅದು ಸೀಕ್ರೆಟ್ ಅಜ್ಜಿ. ಅಮ್ಮಂಗೂ ಹೇಳಲ್ಲ."

ಮೈಸೂರಿನಲ್ಲಿ ಲಾಡ್ಜ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೆ, ಮೆಟ್ಟಿಲು ಹತ್ತಿ ಹೋದರೆ ಗಂಟೆಗೂ ರೂಮು ಸಿಗುವ ಜಾಗ. ಅಜ್ಜಿಗೆ ಅದು ಬಿಟ್ಟು ಬೇರೆ ಲಾಡ್ಜ್ ಗೊತ್ತಿರಲಿಲ್ಲ. ಅವಳು ಆ ಸಂಜೆ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಅಪ್ಪ ಕಾಫಿ ಲೋಟ ಎತ್ತುತ್ತಿದ್ದಂತೆ ಎದುರಿಗೆ ಬಂದು ಕೂತಳು.

"ಏನೋ ಸೀತಾ, ನಿನ್ನ ಹೆಂಡತಿ ಮನೆಯಲ್ಲಿ ಮಂಚ ಹಾಕಿಲ್ವೇನೋ?"

"ಏನಮ್ಮಾ ಇದು?"

"ಲಾಡ್ಜ್‌ಗೆ ಹೋಗ್ತೀಯಂತೆ. ಸೂಟು, ಸೆಂಟು ಬೇರೆ. ಮಗೂಗೂ ಗೊತ್ತು."

"ಅಮ್ಮಾ, ಅದು ಆ ಥರದ ಲಾಡ್ಜ್ ಅಲ್ಲಮ್ಮ."

"ಯಾವ ಥರದ್ದು ಮತ್ತೆ? ಅಟ್ಯಾಚ್ಡ್ ಬಾತ್‌ರೂಮಾ?"

ಅಡುಗೆಮನೆಯಿಂದ ಅಮ್ಮ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡಿದ್ದು ನೆನಪಿದೆ. ಅವಳು ಅಳುತ್ತಿದ್ದಾಳೆ ಎಂದುಕೊಂಡೆ. ಅಪ್ಪ ನನ್ನ ಕಡೆ ನೋಡಿ, "ಮಧು, ನೀನು ಆಚೆ ಹೋಗು" ಅಂದರು. ಹಿತ್ತಲಿನಲ್ಲಿ ಅಮ್ಮ ನನಗೆ ಬೆನ್ನು ಹಾಕಿ ನಿಂತಿದ್ದಳು, ನಾನು ಕರಿಬೇವಿನ ಗಿಡದ ಪಕ್ಕ ಕೂತೆ. ತೆಳ್ಳನೆಯ ಗೋಡೆಯಾಚೆ ಅಜ್ಜಿಯ ದನಿ ಏರಿತು, ಅಪ್ಪನ ದನಿ ಇಳಿಯಿತು, ಆಮೇಲೆ ಎರಡೂ ಕೇಳಿಸಲಿಲ್ಲ. ಗುಟ್ಟನ್ನು ಹೇಳಿಬಿಟ್ಟವನು ನಾನು. ಅಂದಿನಿಂದ ಹಗ್ಗದ ಮೇಲೆ ಬಿಳಿ ಕೈಗವಸು ಒಣಗಲಿಲ್ಲ. ಬೀರುವಿನ ಮೇಲೆ ಕಪ್ಪು ಪೆಟ್ಟಿಗೆ ಇರಲಿಲ್ಲ. ಸೂಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮುಂದಿನ ತಿಂಗಳ ಮೂರನೆಯ ಗುರುವಾರ ಅಪ್ಪ ಕೋಡುಬಳೆಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು, "ಭಜನೆಗೆ ಹೋಗಿಬರ್ತೀನಿ" ಅಂದರು.

ಅಜ್ಜಿ ಊರಿಗೆ ಹೋದ ಮೇಲೂ ಭಜನೆ ನಿಲ್ಲಲಿಲ್ಲ. ಲಾಡ್ಜನ್ನು ನನ್ನ ಬಾಯಿ ತಪ್ಪಿಸಿತು, ಅದರ ಜಾಗಕ್ಕೆ ದೇವರು ಬಂದ ಎಂದು ನಾನು ಲೆಕ್ಕ ಹಾಕಿಕೊಂಡೆ. ಗುರುವಾರ ಸಂಜೆಗಳಲ್ಲಿ ಅಪ್ಪ ಬಿಳಿ ಪಂಚೆ ಉಟ್ಟು, ಶಲ್ಯ ಹೊದ್ದು, ಕಿಸೆಯಲ್ಲಿ ತಾಳ ಕಿಣಿಗುಟ್ಟಿಸಿಕೊಂಡು ಗೇಟು ದಾಟುವುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಪಂಚೆಯ ಅಂಚು ಹಸಿರು. ಮಾರನೆಯ ಬೆಳಿಗ್ಗೆ ಖಾಲಿ ಡಬ್ಬಿಯಲ್ಲಿ ನನಗಾಗಿ ಎರಡು ಲ್ಯಾಮಿಂಗ್ಟನ್ ಇರುತ್ತಿದ್ದವು. ಲ್ಯಾಮಿಂಗ್ಟನ್ ಎಂದರೆ ಚಾಕೊಲೇಟಿನಲ್ಲಿ ಅದ್ದಿ ಕೊಬ್ಬರಿ ತುರಿಯಲ್ಲಿ ಹೊರಳಿಸಿದ ಚೌಕದ ಕೇಕು. ಕೊಬ್ಬರಿ ಇದ್ದದ್ದರಿಂದ ಅದು ಪ್ರಸಾದವೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಎರಡು ಕಣ್ಣಿಗೂ ಒತ್ತಿಕೊಂಡು ತಿನ್ನುತ್ತಿದ್ದೆ. ರೆಪ್ಪೆಗೆ ಅಂಟಿದ ತುರಿಯನ್ನು ಸ್ಕೂಲಿನ ಟೀಚರು ಒರೆಸಿದ್ದುಂಟು.

ಯೂನಿವರ್ಸಿಟಿಗೆ ಹೋದ ಮೇಲೆ ನಾನು ಅನುಮಾನದವನಾದೆ. ಮೊದಲು ಫಿಸಿಕ್ಸ್ ಓದಿದೆ, ಅರ್ಧಕ್ಕೆ ಬಿಟ್ಟು ಫಿಲಾಸಫಿಗೆ ಹಾರಿದೆ, ಸಿಡ್ನಿ ಬಿಟ್ಟು ಮೆಲ್ಬರ್ನಿಗೆ ಹೋದೆ. ಪುರಾವೆ ಇಲ್ಲದ್ದನ್ನು ನಂಬಬಾರದು ಎನ್ನುವುದನ್ನು ಇಪ್ಪತ್ತರ ಹುಡುಗ ಹೇಗೆ ಕಲಿಯುತ್ತಾನೋ ಹಾಗೆ ಕಲಿತೆ, ಎಲ್ಲರ ಮೇಲೂ ಪ್ರಯೋಗಿಸುತ್ತ. ರಜೆಗೆ ಮನೆಗೆ ಬಂದಿದ್ದ ಒಂದು ಗುರುವಾರ ಅಪ್ಪ ಡಬ್ಬಿ ಎತ್ತಿಕೊಳ್ಳುವಾಗ ನಾನು ಊಟದ ಮೇಜಿನಿಂದಲೇ ಅಂದೆ:

"ಮತ್ತೆ ತಾಳ ಹಾಕೋಕೆ ಹೊರಟ್ರಾ ಅಪ್ಪ? ಇಂಜಿನಿಯರ್ ನೀವು. ಸಿಗ್ನಲ್ ಕೆಟ್ಟರೆ ಭಜನೆ ಮಾಡ್ತೀರಾ, ವೈರ್ ನೋಡ್ತೀರಾ?"

"ನಮ್ಮ ಭಜನೇಲಿ ತಾಳ ಇಲ್ಲ ಕಣೋ."

"ತಾಳ ಇಲ್ಲದಿದ್ರೆ ತಂಬೂರಿ. ನನಗೇನು. ಗುರುವಾರ ಗುರುವಾರ ಹೋಗಿ ಬುದ್ಧಿ ಅಡ ಇಟ್ಟು ಬರ್ತೀರಿ."

ಅಪ್ಪ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು. ನಾನು ಇನ್ನೇನೋ ಹೇಳಬಹುದೆಂದು ಕಾಯುವವರ ಹಾಗೆ. ಈ ಕ್ಷಣವನ್ನು ನಾನು ಈಚೆಗೆ ಸೇರಿಸಿಕೊಂಡೆನೋ, ನಿಜವಾಗಿ ಅವರು ನಿಂತಿದ್ದರೋ, ಆಣೆ ಮಾಡಿ ಹೇಳಲಾರೆ. ಅದಾದ ಮೇಲೆ ಒಬ್ಬರನ್ನೊಬ್ಬರು ಮಾತನಾಡಿಸದೆ ಇರಲಿಲ್ಲ. ಫೋನು ಮಾಡುತ್ತಿದ್ದೆ. ಹವಾಮಾನ, ಕ್ರಿಕೆಟ್, ನನ್ನ ಮಾರ್ಟ್‌ಗೇಜ್, ಅವರ ಮಂಡಿ ನೋವು. ನನ್ನ ತಲೆಯೊಳಗಿನದನ್ನು ಅವರಿಗೆ ಹೇಳುವುದನ್ನು ಬಿಟ್ಟೆ, ಅಷ್ಟೆ. ಭಕ್ತರಿಗೆ ಏನು ಹೇಳುವುದು ಎಂದು. ಅಪ್ಪ ತೀರಿಹೋದಾಗ ಕ್ರೆಮಟೋರಿಯಮ್ಮಿಗೆ ಐದಾರು ಮುದುಕರು ಕಪ್ಪು ಸೂಟಿನಲ್ಲಿ ಬಂದಿದ್ದರು. ಒಬ್ಬೊಬ್ಬರೂ ಶವಪೆಟ್ಟಿಗೆಯ ಮೇಲೆ ಒಂದೊಂದು ಎಳೆ ರೋಸ್ಮರಿ ಸೊಪ್ಪು ಇಟ್ಟು, ನನ್ನ ಕೈ ಹಿಡಿದು, ಪ್ಯಾಟ್ ಒಳ್ಳೆಯ ಮನುಷ್ಯ ಅಂದರು. ಹಳೆಯ ರೈಲ್ವೆಯವರು, ಇಲ್ಲಿನ ಪದ್ಧತಿ ಹೀಗಿರಬೇಕು ಎಂದುಕೊಂಡೆ. ಕೇಳಲಿಲ್ಲ.

ಹೋದ ವರ್ಷ ಮೆಲ್ಬರ್ನಿನಿಂದ ಅಮ್ಮನನ್ನು ನೋಡಲು ಹೋಗಿದ್ದೆ. ಅಮ್ಮನಿಗೆ ಎಂಬತ್ತು ದಾಟಿದೆ. ಹಾಸನದ ಕಡೆಯ ಇಬ್ಬರು ವಿದ್ಯಾರ್ಥಿನಿಯರಿಗೆ ಮನೆಯ ಎರಡು ರೂಮು ಕೊಟ್ಟಿದ್ದಾಳೆ. "ನೋಡೋ, ಈಗ ನಿಜವಾಗ್ಲೂ ಲಾಡ್ಜ್ ಇಟ್ಟಿದೀನಿ" ಅನ್ನುತ್ತಾಳೆ. ಭಾನುವಾರ ಬೆಳಿಗ್ಗೆ ಅವಳು ಅಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಯಾವುದೋ ಹಾಲಿನಲ್ಲಿ ಎಂದು ಗೊತ್ತಿತ್ತು, ಯಾವ ಹಾಲು ಎಂದು ಗೊತ್ತಿರಲಿಲ್ಲ. ಅವಳನ್ನು ಕರೆದುಕೊಂಡು ಹೋಗಿ ಕಾರು ನಿಲ್ಲಿಸಿ ತಲೆ ಎತ್ತಿದರೆ ಬಾಗಿಲ ಮೇಲೆ ಇಟ್ಟಿಗೆಯಲ್ಲಿ ಕೂರಿಸಿದ ಜೇನುಗೂಡು, ಅದರ ಕೆಳಗೆ ಲಾಡ್ಜ್ ಎಂಬ ಕೆತ್ತಿದ ಅಕ್ಷರ. ಸದಸ್ಯರು ಬೆರಳೆಣಿಕೆಯಷ್ಟು ಉಳಿದ ಮೇಲೆ ಹಾಲನ್ನು ಬಿಟ್ಟುಕೊಟ್ಟರಂತೆ. ಈಗ ವಾರದ ದಿನ ಯೋಗ, ಶನಿವಾರ ಕರಾಟೆ, ಭಾನುವಾರ ಅ ಆ ಇ ಈ.

ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಕೂತಿದ್ದರು. ಕ್ಲಾಸು ಮುಗಿದ ಮೇಲೆ ಮಗಳನ್ನು ಕರೆದೊಯ್ಯಲು ಬಂದ ಸುಮಾ, ಮ್ಯಾಕ್ವೆರಿ ಪಾರ್ಕಿನ ಆಫೀಸೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ, ಕುರ್ಚಿ ಮಡಚುತ್ತ ಅಂದಳು:

"ಆಂಟಿ, ಹೊರಗೆ ಲಾಡ್ಜ್ ಅಂತ ಬೋರ್ಡಿದೆ, ಒಳಗೆ ಒಂದು ರೂಮೂ ಇಲ್ವಲ್ಲ! ಮುಂಚೆ ಎಲ್ಲಿ ಮಲಗ್ತಿದ್ರು?"

ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಗ ನನಗೆ ಗೊತ್ತಾಯಿತು, ಅವತ್ತು ಹಿತ್ತಲಿಗೆ ಓಡಿದವಳು ಅಳುತ್ತಿರಲಿಲ್ಲ.

ಗೋಡೆಯ ಮೇಲೆ ಕಪ್ಪಾದ ಮರದ ಹಲಗೆಯೊಂದಿತ್ತು. ಲಾಡ್ಜಿನ ಮುಖ್ಯಸ್ಥರ ಹೆಸರುಗಳು, ವರ್ಷದೊಡನೆ, ಚಿನ್ನದ ಬಣ್ಣದಲ್ಲಿ. ಮೇಲೆ ಬೇರೆ ಬೇರೆ ಹೆಸರುಗಳು. ಕೆಳಗೆ ಬರುಬರುತ್ತ ಅದೇ ನಾಲ್ಕೈದು ಹೆಸರು ಸುತ್ತಿ ಸುತ್ತಿ ಬಂದಿದ್ದವು, ಬೇರೆ ಯಾರೂ ಉಳಿದಿಲ್ಲದ ಹಾಗೆ. ಅವುಗಳ ನಡುವೆ ಎಂ. ಸೀತಾಪತಿ. ಮತ್ತೆ ಎರಡು ಸಾಲು ಬಿಟ್ಟು ಎಂ. ಸೀತಾಪತಿ. ಹಲಗೆಯ ಕೊನೆಯ ಹೆಸರೂ ಅದೇ. ಅದರ ಕೆಳಗೆ ಬರೀ ಮರ. ಮೊದಲನೆಯ ಸಲದ ವರ್ಷವನ್ನು ಎರಡು ಬಾರಿ ಓದಿದೆ. ನಾನು ಊಟದ ಮೇಜಿನಲ್ಲಿ ಕೂತು ಅಪ್ಪನ ಭಜನೆಯನ್ನು ಹೀಯಾಳಿಸಿದ ವರ್ಷ ಅದು.

"ಅಮ್ಮಾ, ಅಪ್ಪ ಲಾಡ್ಜ್ ಬಿಟ್ಟಿದ್ದರಲ್ಲ? ಅಜ್ಜಿ ಬಂದಾಗ?"

"ಬಿಟ್ಟಿದ್ದು ಯಾವಾಗ? ಆ ಪದ ಬಿಟ್ಟರು. ಅಲ್ಲಿ ದೇವರಿದಾನಾ ಅಂತ ನಿಮ್ಮಜ್ಜಿ ಕೇಳಿದ್ರು. ಇದಾನೆ ಅಂದ್ರು ಇವರು. ಹಾಡು ಹೇಳ್ತೀರಾ? ಹೇಳ್ತೀವಿ. ಕೊನೇಲಿ ತಿಂಡಿ ಕೊಡ್ತಾರಾ? ಕೊಡ್ತಾರೆ. 'ಹಾಗಾದ್ರೆ ಭಜನೆ ಅನ್ನೋ, ಮುಂಡೇದೇ, ಲಾಡ್ಜ್ ಲಾಡ್ಜ್ ಅಂತ ಮಾನ ಕಳೀಬೇಡ' ಅಂದ್ರು. ಅಷ್ಟೇ. ಸೂಟು, ಪೆಟ್ಟಿಗೆ ಎಲ್ಲ ಕೆನ್ ಮನೇಲಿಟ್ಟರು. ಅಲ್ಲೇ ಬಟ್ಟೆ ಬದಲಾಯಿಸಿ ಇಬ್ಬರೂ ಒಟ್ಟಿಗೆ ನಡ್ಕೊಂಡು ಹೋಗೋರು. ಅಜ್ಜಿ ಹೋದ್ಮೇಲೂ ಅದೇ ರೂಢಿ ಆಯ್ತು."

"ಪಂಚೆ ಉಟ್ಟುಕೊಂಡು ಹೋಗ್ತಿದ್ರು. ಹಸಿರು ಅಂಚು."

"ನಿಮ್ಮಪ್ಪನಾ? ಮದುವೇಲಿ ಉಟ್ಟ ಪಂಚೆ ಬಿಚ್ಚಿದ್ಮೇಲೆ ಅವರು ಇನ್ನೊಂದು ಪಂಚೆ ಮುಟ್ಟಿಲ್ಲ. ಆಫೀಸ್ ಪ್ಯಾಂಟಲ್ಲೇ ಹೋಗೋರು."

ಒಂದು ಪದ ಕೊಟ್ಟರೆ ಸಾಕು, ನನ್ನ ತಲೆ ಅದಕ್ಕೆ ಪಂಚೆ ನೇಯ್ದು, ಅಂಚಿಗೆ ಬಣ್ಣ ಹಾಕಿ, ಕಿಸೆಯಲ್ಲಿ ತಾಳವನ್ನೂ ಇಟ್ಟಿತ್ತು. ಪುರಾವೆ ಕೇಳುವ ತಲೆ! ಅಮ್ಮನ ನೆನಪೂ ಪೂರ್ತಿ ನೆಚ್ಚುವಂಥದ್ದಲ್ಲ, ಅವಳು ನನ್ನ ಹೆಂಡತಿಯನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಾಳೆ. ಆದರೆ ಹಲಗೆಯ ಮೇಲಿನ ಅಕ್ಷರ ಮರೆಯುವುದಿಲ್ಲ. ಲ್ಯಾಮಿಂಗ್ಟನ್ನೂ ನಾನು ಹೆಣೆದ ಕತೆಯೇ ಎಂದು ಹೆದರಿ ಕೇಳಿದೆ.

"ಅದು ನಿಜ. ಅಲ್ಲಿನ ಊಟದಲ್ಲಿ ಮಿಕ್ಕಿದ್ದನ್ನ ನಿನಗೆ ಅಂತ ತರೋರು. ನೀನು ಕಣ್ಣಿಗೊತ್ತಿಕೊಳ್ಳೋದನ್ನ ಬಾಗಿಲ ಸಂದೀಲಿ ನಿಂತು ನೋಡಿ ನಗೋರು."

"ಹಾಗಾದ್ರೆ ನಾನು ಏನಂದ್ಕೊಂಡಿದೀನಿ ಅಂತ ಅವರಿಗೆ ಗೊತ್ತಿತ್ತು."

"ಗೊತ್ತಿಲ್ಲದೆ ಏನು. ನೀನು ಆ ಬುದ್ಧಿ ಅಡ ಇಟ್ಟ ಮಾತಾಡಿದ ದಿನ ನಾನೇ ಅಂದೆ, ಅವನಿಗೆ ಹೇಳಿಬಿಡ್ತೀನಿ ಅಂತ. ಬೇಡ ಅಂದ್ರು. ಕೇಳದವರಿಗೆ ಹೇಳೋ ಹಾಗಿಲ್ಲ, ಅವನೇ ಒಂದಿನ ಕೇಳ್ತಾನೆ ಅಂದ್ರು. 'ಕೆನ್ ನನಗೋಸ್ಕರ ಎರಡು ವರ್ಷ ಕಾದ. ನನ್ನ ಮಗನಿಗೆ ನಾನು ಕಾಯಬಾರದಾ?' ಅಂದ್ರು."

ಅಮ್ಮ ಇದನ್ನು ಕುರ್ಚಿ ಎಣಿಸುತ್ತ ಹೇಳಿದಳು. ದೂರಿನ ದನಿ ಇರಲಿಲ್ಲ. ಸಾರಿಗೆ ಬೇಳೆ ಇಡಬೇಕೆಂದು ಸುಮಾಳ ಕಾರಿನಲ್ಲಿ ಮನೆಗೆ ಹೋದಳು. ಬಾಗಿಲು ಹಾಕಿ ಬೀಗದ ಕೈಯನ್ನು ಪಕ್ಕದ ಅಂಗಡಿಗೆ ಕೊಟ್ಟುಬರುವ ಕೆಲಸ ನನ್ನದಾಯಿತು. ಖಾಲಿ ಹಾಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಅಲ್ಲಿ ಏನು ಮಾಡುತ್ತಿದ್ದಿರಿ ಎಂದು ಒಂದು ಸಲ ಕೇಳಬಹುದಿತ್ತು. ಏನಪ್ಪಾ ಅದು, ಹೇಳಿ. ಮೂರು ಪದ. ಪ್ರಶ್ನೆ ಕೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಫಿಲಾಸಫಿ ಮೇಷ್ಟ್ರು, ತರಗತಿಗಳಲ್ಲಿ ಮಕ್ಕಳು ಪ್ರಶ್ನೆ ಕೇಳುವುದಿಲ್ಲವೆಂದು ಗೊಣಗುವವನು, ಇಷ್ಟು ವರ್ಷ ಅಪ್ಪನಿಗೆ ಬರೀ ಉತ್ತರಗಳನ್ನು ಕೊಟ್ಟಿದ್ದೆ. ಅವರು ಆ ಕಡೆ ಪಿನ್ನು ಹಾಕಿಕೊಂಡು ಬೇಲಿ ಪಕ್ಕ ನಿಂತೇ ಇದ್ದರು.

ಕಾರನ್ನು ಅಲ್ಲೇ ಬಿಟ್ಟು ಮನೆಗೆ ನಡೆದೆ. ಅಪ್ಪ ಮತ್ತು ಕೆನ್ ಅಂಕಲ್ ಡಬ್ಬಿ ಹಿಡಿದು ನಡೆದಿರಬಹುದಾದ ದಾರಿ. ಬೇರೆ ದಾರಿಯಿಂದ ಹೋಗಿರಲೂಬಹುದು, ಆಗ ಇಲ್ಲಿ ಬಯಲಿತ್ತು. ಮಧ್ಯಾಹ್ನದ ಬಿಸಿಲು. ಮನೆಯ ಬಾಗಿಲಿಗೆ ಈಗ ಕರೆಗಂಟೆ ಇದೆ, ಕ್ಯಾಮೆರಾ ಇರುವಂಥದ್ದು. ನಾನು ಅದನ್ನು ಒತ್ತಲಿಲ್ಲ. ಕೈ ತಾನಾಗಿ ಎದ್ದಿತು ಎಂದು ಬರೆದರೆ ಸುಳ್ಳಾಗುತ್ತದೆ. ಯೋಚಿಸಿಯೇ ತಟ್ಟಿದೆ. ಎರಡು ಸಲ ಬೇಗ, ಸ್ವಲ್ಪ ತಡೆದು ಒಂದು ಸಲ.

ಒಳಗೆ ಸೌಟಿನ ಸದ್ದು ನಿಂತಿತು.

"ಬಂದ್ರಾ?" ಅಂದಳು ಅಮ್ಮ.

ನನ್ನನ್ನು ಅವಳು ಯಾವತ್ತೂ "ಬಂದ್ಯಾ" ಎಂದೇ ಕೇಳಿದವಳು. ಇಲ್ಲ ಅಮ್ಮ, ನಾನು ಮಧು ಎಂದರೆ ಅದು ಸತ್ಯ. ಅವಳೂ ಆ ಕಡೆ ಕಾಯುತ್ತಿದ್ದಳು.

"ಬಂದೆ" ಅಂದೆ.